ಪದ ಒಂದೇ, ಅರ್ಥ ಬೇರೆ: ಗಡಿನಾಡಿನ ಮಾತಿನ ಚರಿತ್ರೆ

"ನಾಳೆ ಅವಧಿ" ಎಂದು ಯಾರಾದರೂ ಹೇಳಿದರೆ ಕನ್ನಡದ ಕಿವಿಗೆ ಅದು ಅರ್ಧ ವಾಕ್ಯ. ಯಾವುದರ ಅವಧಿ? ಎಷ್ಟು ದಿನದ ಅವಧಿ? ನಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ಒಂದನೇ ಅವಧಿ, ಎರಡನೇ ಅವಧಿ ಎಂದು ಬರೆದಿರುತ್ತೇವೆ. ಅಲ್ಲಿ ಅವಧಿ ಎಂದರೆ ಪಾಠ ನಡೆಯುವ ಹೊತ್ತು. ಆದರೆ ಮಲೆಯಾಳದ ಕಿವಿಗೆ ಅದು ಪೂರ್ತಿ ಅರ್ಥ ಕೊಡುವ ಮಾತು: ನಾಳೆ ರಜೆ! ಪಾಠ ಇದೆ ಎಂದು ಒಬ್ಬನಿಗೆ ತೋರುವ ಪದವೇ ಪಾಠ ಇಲ್ಲ ಎಂದು ಇನ್ನೊಬ್ಬನಿಗೆ ತಿಳಿಸುತ್ತದೆ. ತಮಾಷೆಯೆಂದರೆ "ನಾಳೆ" ಎಂಬ ಪದ ಎರಡೂ ಭಾಷೆಗಳಲ್ಲಿ ಒಂದೇ. ಎರಡು ಪದವೂ ಗೊತ್ತು, ಆದರೂ ಮಾತು ಗೊತ್ತಾಗಲಿಲ್ಲ.

ಕಾಸರಗೋಡಿನಂಥ ಊರಿನಲ್ಲಿ ಇಂಥ ಪದಗಳು ನೂರಾರು ಇವೆ. ಕನ್ನಡ, ತುಳು, ಮಲೆಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲವೂ ಒಂದೇ ಪೇಟೆಯಲ್ಲಿ ಕೇಳಿಸುವ ನಾಡು ಇದು. ಇಲ್ಲಿನ ಭಾಷಾ ಸಮಸ್ಯೆ ಎಂದಾಗ ನಾವು ಸಾಮಾನ್ಯವಾಗಿ ಗೊತ್ತಿಲ್ಲದ ಪದಗಳ ಬಗ್ಗೆ ಯೋಚಿಸುತ್ತೇವೆ. ಆದರೆ ಗೊತ್ತಿಲ್ಲದ ಪದ ಅಷ್ಟು ಅಪಾಯ ಮಾಡುವುದಿಲ್ಲ. "ವಕುಪ್ಪ್" ಎಂಬ ಪದ ಕಂಡರೆ ತಿಳಿಯದವರು "ಹಾಗೆಂದರೇನು?" ಎಂದು ಕೇಳುತ್ತಾರೆ, ಇಲಾಖೆ ಎಂದು ಯಾರಾದರೂ ಹೇಳುತ್ತಾರೆ, ಕೆಲಸ ಮುಗಿಯಿತು. ಗೊತ್ತಿರುವ ಪದ ಹಾಗಲ್ಲ. ಅದು ನಮ್ಮನ್ನು ಕೇಳಲು ಬಿಡುವುದಿಲ್ಲ. ಅರ್ಥವಾಯಿತು ಎಂದುಕೊಂಡು ಮುಂದೆ ಹೋಗುತ್ತೇವೆ. ಗೊಂದಲ ಹುಟ್ಟುವುದು ಅಲ್ಲಿಯೇ. ಇಂಥ ಪದಗಳು ಎರಡು ದಾರಿ ಹಿಡಿದದ್ದು ಹೇಗೆ, ಅದರಿಂದ ಜನರಿಗೆ ಆದದ್ದೇನು ಎಂಬುದಕ್ಕೆ ಒಂದು ಚರಿತ್ರೆ ಇದೆ.

ಸೈಂಧವ ತಾ ಎಂದರೆ ಏನು ತರಬೇಕು?

ಪದದ ಅರ್ಥ ಸಂದರ್ಭವನ್ನು ಅವಲಂಬಿಸಿದೆ ಎಂಬುದು ಹೊಸ ಮಾತಲ್ಲ. ಸಂಸ್ಕೃತದ ಶಾಸ್ತ್ರಕಾರರು ಇದಕ್ಕೆ ಒಂದು ಹಳೆಯ ಉದಾಹರಣೆ ಕೊಡುತ್ತಾರೆ. ಯಜಮಾನ ಸೇವಕನಿಗೆ ಸೈಂಧವ ತಾ ಎನ್ನುತ್ತಾನೆ. ಸೈಂಧವ ಎಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಯಜಮಾನ ಊಟಕ್ಕೆ ಕುಳಿತಿದ್ದರೆ ಉಪ್ಪು ತರಬೇಕು, ಪ್ರಯಾಣಕ್ಕೆ ಹೊರಟಿದ್ದರೆ ಕುದುರೆ ತರಬೇಕು. ಉಪ್ಪಿಗೂ ಕುದುರೆಗೂ ಒಂದೇ ಹೆಸರು ಬಂದದ್ದು ಎರಡೂ ಸಿಂಧು ದೇಶದಿಂದ ಬರುತ್ತಿದ್ದ ಕಾರಣ. ನಮ್ಮ ಊರಿನ ಮಕ್ಕಳನ್ನು ಕೇಳಿದರೆ ಮೂರನೆಯ ಅರ್ಥವೂ ಸಿಗುತ್ತದೆ. ಅವರಿಗೆ ಸೈಂಧವ ಎಂದರೆ ಯಕ್ಷಗಾನದ ರಂಗಸ್ಥಳದಲ್ಲಿ ಅರ್ಜುನನ ಬಾಣಕ್ಕೆ ತಲೆ ಕೊಡುವ ಸಿಂಧುರಾಜ ಜಯದ್ರಥ!

ಸುಮಾರು 5ನೇ ಶತಮಾನದ ವೈಯಾಕರಣ ಭರ್ತೃಹರಿ 'ವಾಕ್ಯಪದೀಯ'ದಲ್ಲಿ ಅರ್ಥ ನಿರ್ಣಯಕ್ಕೆ ಸಹಾಯ ಮಾಡುವ ಸಂಗತಿಗಳ ಪಟ್ಟಿಯನ್ನೇ ಕೊಟ್ಟಿದ್ದಾನೆ. ಜೊತೆಗಿರುವ ಪದ, ಪ್ರಕರಣ, ಔಚಿತ್ಯ, ದೇಶ, ಕಾಲ ಮುಂತಾದವು ಆ ಪಟ್ಟಿಯಲ್ಲಿವೆ. ಗಡಿನಾಡಿನವರಾದ ನಾವು ಇದರಲ್ಲಿ "ದೇಶ" ಎಂಬ ಪದದ ಕೆಳಗೆ ಗೆರೆ ಎಳೆಯಬೇಕು. ಪದ ಯಾವ ನೆಲದ ಮೇಲೆ ನಿಂತು ಮಾತನಾಡುತ್ತಿದೆ ಎಂಬುದೂ ಅರ್ಥದ ಒಂದು ಭಾಗ.

ನಮ್ಮ ಅಡುಗೆಮನೆಯನ್ನೇ ನೋಡಿ. ಕರಾವಳಿಯಲ್ಲಿ "ಇವತ್ತು ಏನು ಪದಾರ್ಥ?" ಎಂದರೆ ಅನ್ನಕ್ಕೆ ಕಲಸಿಕೊಳ್ಳಲು ಏನು ಮಾಡಿದ್ದೀರಿ ಎಂದು ಅರ್ಥ. ವಿಜ್ಞಾನದ ತರಗತಿಯಲ್ಲಿ ಪದಾರ್ಥ ಎಂದರೆ ವಸ್ತು, ದ್ರವ್ಯ. ಪದವನ್ನು ಒಡೆದರೆ ಪದದ ಅರ್ಥ. "ವ್ಯಂಜನ"ವೂ ಹಾಗೆಯೇ. ವ್ಯಾಕರಣದ ಪುಟದಲ್ಲಿ ಅದು ಕಕಾರಾದಿ ಅಕ್ಷರ, ಎಲೆಯ ಮೇಲೆ ಅದು ಪಲ್ಯ, ಗೊಜ್ಜು. ಆದರೂ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಏಕೆಂದರೆ ತರಗತಿ ಯಾವುದು, ಊಟದ ಎಲೆ ಯಾವುದು ಎಂಬುದು ಕಣ್ಣಿಗೆ ಕಾಣುತ್ತದೆ. ಕಾಗದದ ಮೇಲೆ ಬರೆದು ಕಳುಹಿಸಿದ ಪದಕ್ಕೆ ಈ ಅನುಕೂಲ ಇಲ್ಲ. ಓದುವವನು ಎಲ್ಲಿದ್ದಾನೋ ಅಲ್ಲಿನ ಅರ್ಥವನ್ನೇ ಅದಕ್ಕೆ ಕೊಡುತ್ತಾನೆ.

ಒಂದು ಬೇರು, ಹಲವು ಕೊಂಬೆ

ಕನ್ನಡವೂ ಮಲೆಯಾಳವೂ ಸಂಸ್ಕೃತದಿಂದ ಧಾರಾಳವಾಗಿ ಪದಗಳನ್ನು ತೆಗೆದುಕೊಂಡವು. ಆದರೆ ಸಂಸ್ಕೃತದ ಒಂದೊಂದು ಪದಕ್ಕೆ ಹಲವು ಅರ್ಥಗಳಿದ್ದವು. ಒಂದೊಂದು ಭಾಷೆ ತನಗೆ ಬೇಕಾದ ಅರ್ಥವನ್ನು ಹಿಡಿದುಕೊಂಡು ಉಳಿದುದನ್ನು ಬಿಟ್ಟಿತು.

"ಅವಸರ"ವನ್ನು ತೆಗೆದುಕೊಳ್ಳಿ. ಮೂಲದಲ್ಲಿ ಸಂದರ್ಭ, ಸಮಯ, ಅವಕಾಶ ಎಂಬ ಅರ್ಥಗಳು. ಕನ್ನಡದಲ್ಲಿ ಈಗ ಅವಸರ ಎಂದರೆ ಗಡಿಬಿಡಿ. ತಮಿಳಿನಲ್ಲಿಯೂ ಅದೇ, ತುರ್ತು. ತೆಲುಗಿನಲ್ಲಿ ಅವಸರಂ ಎಂದರೆ ಅಗತ್ಯ. ಮಲೆಯಾಳದಲ್ಲಿ ಅವಕಾಶ, ಹಿಂದಿಯಲ್ಲಿಯೂ ಅವಕಾಶ. ತಾಳವಾಡಿಯ ಕನ್ನಡಿಗ, ಮಡಕಶಿರದ ಕನ್ನಡಿಗ, ಮಂಜೇಶ್ವರದ ಕನ್ನಡಿಗ ಮೂವರೂ ತಮ್ಮ ನೆರೆಯವರ ಬಾಯಲ್ಲಿ ಈ ಒಂದೇ ಪದವನ್ನು ಕೇಳುತ್ತಾರೆ. ಮೂವರಿಗೂ ಅರ್ಥ ಬೇರೆ ಬೇರೆ.

"ವ್ಯವಸಾಯ" ಇನ್ನೂ ಒಳ್ಳೆಯ ಉದಾಹರಣೆ. ಮೂಲದಲ್ಲಿ ನಿಶ್ಚಯ, ಪ್ರಯತ್ನ ಎಂಬ ಅರ್ಥ. ನಮ್ಮ ಕನ್ನಡಿಗರಿಗೆ ದೊಡ್ಡ ಪ್ರಯತ್ನ ಎಂದರೆ ಹೊಲದ ಕೆಲಸವೇ ಆಗಿತ್ತೋ ಏನೋ, ವ್ಯವಸಾಯ ಎಂದರೆ ಬೇಸಾಯ ಎಂದಾಯಿತು. ತೆಲುಗು, ತಮಿಳುಗಳಲ್ಲಿಯೂ ಹಾಗೆಯೇ. ಮರಾಠಿ, ಹಿಂದಿಗಳಲ್ಲಿ ಅದು ವೃತ್ತಿ, ವ್ಯಾಪಾರ. ಮಲೆಯಾಳದಲ್ಲಿ ವ್ಯವಸಾಯಂ ಎಂದರೆ ಕೈಗಾರಿಕೆ! ಕೇರಳದ "ವ್ಯವಸಾಯ ವಕುಪ್ಪ್" ಕೈಗಾರಿಕಾ ಇಲಾಖೆ. ಬೇಸಾಯಕ್ಕೆ ಅಲ್ಲಿ ಕೃಷಿ ಎಂಬ ಪದವಿದೆ. ಅಡಿಕೆ ತೋಟದ ಸಬ್ಸಿಡಿಗಾಗಿ "ವ್ಯವಸಾಯ" ಎಂಬ ಬೋರ್ಡು ಹುಡುಕಿ ಹೋದವನು ಯಾವ ಬಾಗಿಲಿನಲ್ಲಿ ನಿಲ್ಲಬೇಕಾದೀತು ಎಂದು ಯೋಚಿಸಿ.

"ಅನುವಾದ"ದ ಕಥೆ ನನಗೆ ಬಹಳ ಇಷ್ಟ. ಅನು ಎಂದರೆ ಹಿಂದಿನಿಂದ, ವಾದ ಎಂದರೆ ಹೇಳುವುದು. ಒಬ್ಬರು ಹೇಳಿದ್ದನ್ನು ಅವರ ಹಿಂದೆ ಮತ್ತೆ ಹೇಳುವುದು ಅನುವಾದ. ಹೇಳಿದ್ದನ್ನು ಇನ್ನೊಂದು ಭಾಷೆಯಲ್ಲಿ ಮತ್ತೆ ಹೇಳಿದರೆ ಅದು ಕನ್ನಡದ ಅನುವಾದ. ಮಲೆಯಾಳದಲ್ಲಿ ಅನುವಾದಂ ಎಂದರೆ ಅನುಮತಿ, ಒಪ್ಪಿಗೆ. ಹಾಗಾದರೆ ನಮ್ಮ ಅನುವಾದಕ್ಕೆ ಅವರು ಏನೆನ್ನುತ್ತಾರೆ? ಪರಿಭಾಷ ಎನ್ನುತ್ತಾರೆ, ವಿವರ್ತನಂ ಎಂದೂ ಹೇಳುತ್ತಾರೆ. ಆದರೆ ಪರಿಭಾಷೆ ಎಂಬುದು ಕನ್ನಡದಲ್ಲಿ ಒಂದು ಶಾಸ್ತ್ರದ ವಿಶೇಷ ಪದಗಳಿಗೆ ಸಲ್ಲುವ ಹೆಸರು! ಅರ್ಥ ದಾಟಿಸುವ ಕೆಲಸಕ್ಕೆ ಇರುವ ಪದವೇ ಗಡಿಯಲ್ಲಿ ಅರ್ಥ ಬದಲಿಸಿಕೊಂಡಿದೆ.

ಸಂಸ್ಕೃತದ್ದು ಮಾತ್ರವಲ್ಲ, ಅರಬ್ಬಿ ಮೂಲದ ಪದಗಳೂ ಹೀಗೆ ಮಾಡಿವೆ. ಒಪ್ಪಿಗೆ ಎಂಬ ಅರ್ಥದ ಒಂದು ಅರಬ್ಬಿ ಧಾತುವಿನಿಂದ ನಮಗೆ ರಜೆ, ರಾಜಿ, ರಾಜೀನಾಮೆ ಮೂರೂ ಬಂದವು. ಮೇಲಿನವರು ಒಪ್ಪಿ ಕಳುಹಿಸಿದರೆ ರಜೆ. ಇಬ್ಬರೂ ಒಪ್ಪಿದರೆ ರಾಜಿ. ಒಪ್ಪಿ ಬರೆದುಕೊಟ್ಟ ಪತ್ರ ರಾಜೀನಾಮೆ. ಹಳೆಯ ಕಂದಾಯ ವ್ಯವಹಾರದಲ್ಲಿ ರೈತ ಭೂಮಿಯನ್ನು ಬಿಟ್ಟುಕೊಡುವಾಗ ಬರೆದುಕೊಡುತ್ತಿದ್ದ ಪತ್ರಕ್ಕೂ ರಾಜೀನಾಮೆ ಎಂದೇ ಹೆಸರು. ಈಗ ನಮಗೆ ಅದು ಹುದ್ದೆ ಬಿಡುವ ಪತ್ರ. ಮಲೆಯಾಳದಲ್ಲಿ "ರಾಜಿ" ಎಂಬಷ್ಟೇ ಮಾತು ಹುದ್ದೆ ಬಿಡುವುದಕ್ಕೆ ಸಲ್ಲುತ್ತದೆ. ಆದ್ದರಿಂದ ಮಂತ್ರಿಯೊಬ್ಬರ "ರಾಜಿ"ಯ ಸುದ್ದಿಯನ್ನು ಮಲೆಯಾಳ ಪತ್ರಿಕೆಯಲ್ಲಿ ಓದಿದ ಕನ್ನಡಿಗ, ಜಗಳ ಮುಗಿದು ಅವರು ಒಂದಾದರು ಎಂದು ತಿಳಿಯಬಹುದು. ನಿಜವಾಗಿ ಆದದ್ದು ಅದರ ವಿರುದ್ಧ!

ಗೊಂದಲ ಒಂದೇ ಕಡೆಯಿಂದ ಅಲ್ಲ. "ಅವರ ಸಂಸಾರ ದೊಡ್ಡದು" ಎಂದು ನಾವು ಹೇಳಿದರೆ ಮಲೆಯಾಳ ಮನೆಮಾತಿನ ಮಗು, ಅವರು ಬಹಳ ಮಾತನಾಡುತ್ತಾರೆ ಎಂದು ತಿಳಿಯುವುದು ಸಹಜ. ಮಲೆಯಾಳದಲ್ಲಿ ಸಂಸಾರಂ ಎಂದರೆ ಮಾತುಕತೆ. "ಪ್ರಸಂಗ"ವೂ ಹಾಗೆಯೇ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಂದಿಗೆ ಸೇರಿಕೊಂಡಿರುವ ರಾಮಾಯಣದ ಪ್ರಸಂಗಗಳನ್ನು ಕೇಳಿ ಬೆಳೆದ ನಮಗೆ ಪ್ರಸಂಗ ಎಂದರೆ ಯಕ್ಷಗಾನದ ಕಥೆ, ಪದ್ಯದ ಪುಸ್ತಕ. ಅದೇ ಕುಂಬಳೆಯ ಶಾಲೆಯಲ್ಲಿ ಮಲೆಯಾಳ ವಿಭಾಗದ ಮಕ್ಕಳಿಗೆ "ಪ್ರಸಂಗ ಮತ್ಸರಂ" ಎಂದರೆ ಭಾಷಣ ಸ್ಪರ್ಧೆ. ಇಲ್ಲಿ ಮತ್ಸರವೂ ಹೊಟ್ಟೆಕಿಚ್ಚಲ್ಲ, ಬರೇ ಸ್ಪರ್ಧೆ. ಆದರೆ ಅಧಿಕಪ್ರಸಂಗ ಮಾತ್ರ ಎರಡೂ ಭಾಷೆಗಳಲ್ಲಿ ಅಧಿಕಪ್ರಸಂಗವೇ!

ಕಚೇರಿ ಬದಲಾಯಿತು, ಕಾಗದ ಬದಲಾಗಲಿಲ್ಲ

ಇಷ್ಟರ ತನಕ ಹೇಳಿದ್ದು ನಗುವ ಮಾತು. ಇನ್ನು ಮುಂದಿನದು ಭೂಮಿಯ ಮಾತು.

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಪ್ರಾಂತ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋಯಿತು, ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. ಕಾಸರಗೋಡು ತಾಲೂಕು ಆ ದಕ್ಷಿಣ ಕನ್ನಡದ ತೆಂಕಣ ತುದಿ. ಒಂದು ಶತಮಾನಕ್ಕೂ ಹೆಚ್ಚು ಕಾಲ ಇಲ್ಲಿನ ಭೂಮಿ ಲೆಕ್ಕದ ಭಾಷೆಯಲ್ಲಿ ಶಾನುಭಾಗ, ಪಟೇಲ, ಉಗ್ರಾಣಿ, ತೀರ್ವೆ, ವರ್ಗ, ಮೂಲಗೇಣಿ, ಚಾಲಗೇಣಿ, ಕುಮ್ಕಿ ಎಂಬ ಪದಗಳು ಬೇರೂರಿದವು.

ಇವುಗಳಲ್ಲಿ "ವರ್ಗ"ವನ್ನು ನೋಡಿ. ಗಣಿತದ ಅಧ್ಯಾಪಕರಿಗೆ ವರ್ಗ ಎಂದರೆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದು. ನೌಕರರಿಗೆ ವರ್ಗವಾಯಿತು ಎಂದರೆ ಬೇರೆ ಊರಿಗೆ ಹೋಗುವುದು. ಸಮಾಜ ವಿಜ್ಞಾನದಲ್ಲಿ ಶ್ರೀಮಂತ ವರ್ಗ, ಬಡ ವರ್ಗ. ದಕ್ಷಿಣ ಕನ್ನಡದ ಹಳೆಯ ಕಾಗದಪತ್ರದಲ್ಲಿ ಮಾತ್ರ ವರ್ಗ ಎಂದರೆ ಸರಕಾರದ ಲೆಕ್ಕದಲ್ಲಿ ಒಬ್ಬನ ಹೆಸರಿಗೆ ದಾಖಲಾದ ಹಿಡುವಳಿ, ಅದರ ಒಡೆಯ ವರ್ಗದಾರ. ಮಲೆಯಾಳಕ್ಕೆ ಹೋದರೆ ವರ್ಗೀಯ ಎಂದರೆ ಕೋಮುವಾದಿ ಎಂಬರ್ಥ. ನಾವು ಐದನೇ ತರಗತಿಯಲ್ಲಿ ವರ್ಗೀಯ ವ್ಯಂಜನ, ಅವರ್ಗೀಯ ವ್ಯಂಜನ ಎಂದು ಗಟ್ಟಿಯಾಗಿ ಪಾಠ ಮಾಡುವಾಗ ಪಕ್ಕದ ಕೋಣೆಯಲ್ಲಿ ಮಲೆಯಾಳ ಮಾತ್ರ ಬಲ್ಲವರಿದ್ದರೆ ಏನೆಂದುಕೊಳ್ಳುವರೋ!

"ಕುಮ್ಕಿ"ಯೂ ಸ್ವಾರಸ್ಯದ ಪದ. ವರ್ಗ ಭೂಮಿಗೆ ತಾಗಿಕೊಂಡು ಸುಮಾರು 100 ಗಜದೊಳಗೆ ಇರುವ ಸರಕಾರಿ ಜಾಗದಿಂದ ಸೊಪ್ಪು, ಸೌದೆ, ಮೇವು ತೆಗೆದುಕೊಳ್ಳುವ ಸೌಲಭ್ಯ ವರ್ಗದಾರನಿಗೆ ಇತ್ತು. ಪಾರ್ಸಿಯಲ್ಲಿ ಕುಮಕ್ ಎಂದರೆ ಸಹಾಯ. ಬೇಸಾಯಕ್ಕೆ ಸಹಾಯ ಮಾಡುವ ಜಾಗ ಕುಮ್ಕಿ. ಅದೇ ಪದ ಇನ್ನೊಂದು ದಾರಿಯಲ್ಲಿ ಬಂದು ಕುಮ್ಮಕ್ಕು ಆಯಿತು. ಈಗ ಕುಮ್ಮಕ್ಕು ಎಂದರೆ ಕೆಟ್ಟ ಕೆಲಸಕ್ಕೆ ಬೆಂಬಲ. ಒಂದೇ ಸಹಾಯ, ಗುಡ್ಡದಲ್ಲಿ ಸೊಪ್ಪಾಯಿತು, ಠಾಣೆಯಲ್ಲಿ ಅಪರಾಧವಾಯಿತು!

1956 ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತಾದರೂ ಅದು ಜಾರಿಯಾಗಲಿಲ್ಲ. 1984 ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಈ ಚರಿತ್ರೆ ನಮಗೆಲ್ಲ ಗೊತ್ತು. ಆದರೆ ಪದಗಳ ಕಡೆಯಿಂದ ನೋಡಿದರೆ ಆದದ್ದು ಇಷ್ಟು: ಮನೆ, ತೋಟ, ಗದ್ದೆ ಇದ್ದಲ್ಲಿಯೇ ಇದ್ದವು. ಪೆಟ್ಟಿಗೆಯೊಳಗಿನ ಹಳೆಯ ಕಾಗದಗಳು ಕನ್ನಡದಲ್ಲಿಯೇ ಉಳಿದವು. ಅವನ್ನು ಓದಬೇಕಾದ ಕಚೇರಿಯ ಭಾಷೆ ಮಾತ್ರ ಬದಲಾಯಿತು. ಅಜ್ಜ "ಆಧಾರ" ಎಂದು ಕರೆಯುತ್ತಿದ್ದುದು ಯಾವುದೋ ಒಂದು ಪುರಾವೆಯನ್ನು. ಮಲೆಯಾಳದ ಕಚೇರಿಯಲ್ಲಿ "ಆಧಾರಂ" ಎಂದರೆ ನೋಂದಣಿಯಾದ ಭೂಮಿಯ ದಸ್ತಾವೇಜು. 2010ರಿಂದ ಈಚೆಗೆ ಆಧಾರ್ ಕಾರ್ಡೂ ಬಂದು ಸೇರಿಕೊಂಡಿತು. "ಆಧಾರ ತನ್ನಿ" ಎಂದರೆ ಈಗ ಮೂರರಲ್ಲಿ ಯಾವುದು ಎಂದು ಕೇಳಲೇಬೇಕು.

ಒಂದು ಪದವನ್ನು ತಪ್ಪಾಗಿ ಓದಿದರೆ

ಪದದ ಅರ್ಥ ಸ್ವಲ್ಪ ಹೆಚ್ಚುಕಡಿಮೆಯಾದರೆ ಏನು ಮಹಾ ನಷ್ಟ ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ತೆಂಕು ನೆರೆಯ ಮಲಬಾರಿನ ಚರಿತ್ರೆ ಉತ್ತರ ಕೊಡುತ್ತದೆ.

ಕನ್ನಡದಲ್ಲಿ ಜನ್ಮ ಎಂದರೆ ಹುಟ್ಟು. ಮಲಬಾರಿನ ಭೂಮಿ ವ್ಯವಹಾರದಲ್ಲಿ ಜನ್ಮಂ ಎಂದರೆ ಹುಟ್ಟಿನಿಂದ, ವಂಶಪಾರಂಪರ್ಯವಾಗಿ ಬಂದ ಭೂಮಿಯ ಹಕ್ಕು. ಅದನ್ನು ಹೊಂದಿದವನು ಜನ್ಮಿ. ಅವನ ಕೆಳಗೆ ಕಾಣಂ ಹಕ್ಕಿನ ಕಾಣಕ್ಕಾರ, ಅವನ ಕೆಳಗೆ ಉಳುವವನು. 1792ರಲ್ಲಿ ಮಲಬಾರು ಕಂಪೆನಿಯ ವಶವಾದಾಗ ಇಂಗ್ಲಿಷ್ ಅಧಿಕಾರಿಗಳಿಗೆ "ಈ ಭೂಮಿಯ ಒಡೆಯ ಯಾರು?" ಎಂಬ ಪ್ರಶ್ನೆ ಬಂತು. ತಮ್ಮ ದೇಶದ ಜಮೀನುದಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಜನ್ಮಿ ಎಂದರೆ ಸಂಪೂರ್ಣ ಒಡೆಯ ಎಂದು ತಿಳಿದರು. ನ್ಯಾಯಾಲಯಗಳೂ ಅದೇ ಅರ್ಥವನ್ನು ಹಿಡಿದು ತೀರ್ಪು ಕೊಟ್ಟವು. ಒಕ್ಕಲೆಬ್ಬಿಸುವುದು ಸುಲಭವಾಯಿತು. 19ನೇ ಶತಮಾನದಲ್ಲಿ ಮಲಬಾರಿನಲ್ಲಿ ಮತ್ತೆ ಮತ್ತೆ ರೈತರ ದಂಗೆಗಳಾದವು.

ಆಗ ಈ ಭೂಮಿ ಪದ್ಧತಿಯನ್ನು ಪರಿಶೀಲಿಸಲು 1881ರಲ್ಲಿ ನೇಮಕವಾದವನು ವಿಲಿಯಂ ಲೋಗನ್. 1887ರ 'ಮಲಬಾರ್ ಮ್ಯಾನ್ಯುಯಲ್'ನ ಕರ್ತೃ ಅವನೇ. ಅವನ ವಾದ ಇದು: ಹಳೆಯ ಪದ್ಧತಿಯಲ್ಲಿ ಜನ್ಮಿ ಭೂಮಿಯ ಏಕೈಕ ಒಡೆಯನಾಗಿರಲಿಲ್ಲ, ಜನ್ಮಿ, ಕಾಣಕ್ಕಾರ, ಉಳುವವ ಮೂವರಿಗೂ ಫಸಲಿನಲ್ಲಿ ಪಾಲಿತ್ತು, ಯುರೋಪಿನ ಒಡೆತನದ ಕಲ್ಪನೆಯನ್ನು ಜನ್ಮಿಯ ಮೇಲೆ ಹೇರಿದ್ದೇ ತಪ್ಪು. ಎಲ್ಲ ವಿದ್ವಾಂಸರೂ ಲೋಗನನ ಪ್ರತಿಯೊಂದು ಮಾತನ್ನು ಒಪ್ಪಿಲ್ಲ. ಆದರೆ ಒಂದು ಪದದ ಅರ್ಥದ ಬಗ್ಗೆ ಸರಕಾರವೇ ತನಿಖೆ ನಡೆಸಬೇಕಾಯಿತು ಎಂಬುದನ್ನು ಗಮನಿಸಿ. ಮಲಬಾರು ಗೇಣಿ ಕಾನೂನು ಬಂದದ್ದು 1930ರಲ್ಲಿ. ಕೊನೆಗೆ ಕೇರಳ ಭೂಸುಧಾರಣಾ ಕಾನೂನಿನ ಮೂಲಕ 1970 ಜನವರಿ 1ರಿಂದ ಗೇಣಿ ಪದ್ಧತಿಯೇ ರದ್ದಾಯಿತು. ನಮ್ಮ ಊರಿನ ಚಾಲಗೇಣಿ ಒಕ್ಕಲುಗಳೂ ಭೂಮಿಯ ಹಕ್ಕುದಾರರಾದದ್ದು ಅದೇ ಕಾನೂನಿನಿಂದ.

ಪದಗಳನ್ನು ಓದುವವನ ಕೈಯಲ್ಲಿ ಅಧಿಕಾರ ಇದ್ದಾಗ ಅವನು ಕೊಟ್ಟ ಅರ್ಥವೇ ಅರ್ಥವಾಗುತ್ತದೆ. ಹೇಳಿದವನ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ಹಾಗಾಗಿಯೇ ಸ್ಪಷ್ಟವಾಗಿ ಹೇಳುವುದೂ, ಸ್ಪಷ್ಟವಾಗಿ ಕೇಳಿಕೊಳ್ಳುವುದೂ ಅಧಿಕಾರ ಇಲ್ಲದವರಿಗೆ ಹೆಚ್ಚು ಅಗತ್ಯ.

ಕನ್ನಡದೊಳಗೂ ಹೀಗೆಯೇ

ಎಲ್ಲವನ್ನೂ ಗಡಿಯ ಮೇಲೆ ಹಾಕುವುದು ನ್ಯಾಯವಲ್ಲ. ಕನ್ನಡದೊಳಗೆಯೇ ಕಾಲ ಪದಗಳ ಅರ್ಥವನ್ನು ಕಲಸಿಹಾಕಿದೆ. ಹಳಗನ್ನಡದಲ್ಲಿ ೞ ಎಂಬ ಅಕ್ಷರ ಇತ್ತು. ಮಲೆಯಾಳದಲ್ಲಿ ಆ ಉಚ್ಚಾರ ಇಂದಿಗೂ ಇದೆ. ಅವರ ಪುೞ ಎಂಬುದೇ ನಮ್ಮ ಹೊಳೆ. ಹಳಗನ್ನಡದಲ್ಲಿ ನೀರು ಹರಿಯುವ ಪೊೞೆ ಬೇರೆ, ಮಿನುಗುವ ಪೊಳೆ ಬೇರೆ. ಬದುಕುವ ಬಾೞ್ ಬೇರೆ, ಕತ್ತಿ ಎಂಬರ್ಥದ ಬಾಳ್ ಬೇರೆ. ೞಕಾರ ಹೋದ ಮೇಲೆ ಎರಡೂ ಒಂದೇ ಆಗಿ, ಈಗ ಸಂದರ್ಭ ನೋಡಿಯೇ ತಿಳಿಯಬೇಕು. 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ೞಕಾರದ ಪದಗಳನ್ನು ಪಟ್ಟಿ ಮಾಡಿದ್ದಾನೆ. ಅವನ ಕಾಲಕ್ಕಾಗಲೇ ಬರೆಯುವವರು ಅಕ್ಷರಗಳನ್ನು ಬೆರೆಸತೊಡಗಿದ್ದರಿಂದ ಅಂಥ ಪಟ್ಟಿ ಬೇಕಾಯಿತು.

ಪಟ್ಟಿ ಮಾಡುವ ಕೆಲಸ ನಮ್ಮ ಹತ್ತಿರದಲ್ಲಿಯೇ ದೊಡ್ಡದಾಗಿ ನಡೆದಿದೆ. ಕಾಸರಗೋಡಿನಿಂದ ಸುಮಾರು 50 ಕಿಲೋಮೀಟರು ದೂರದ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯ ಇತ್ತು. ಹರ್ಮನ್ ಗುಂಡರ್ಟರ ಮಲೆಯಾಳ ನಿಘಂಟು 1872ರಲ್ಲಿ, ಮ್ಯಾನರರ ತುಳು ನಿಘಂಟು 1886ರಲ್ಲಿ, ಫರ್ಡಿನೆಂಡ್ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ, ಮೂರೂ ಮಂಗಳೂರಿನಲ್ಲಿ ಪ್ರಕಟವಾದವು. ನಮ್ಮ ಊರಿನ ಮೂರು ದೊಡ್ಡ ಭಾಷೆಗಳ ಪದಗಳು 22 ವರ್ಷಗಳ ಒಳಗೆ ಒಂದೇ ಪಟ್ಟಣದಲ್ಲಿ ಅಚ್ಚಿನ ಮೊಳೆ ಏರಿದವು. ಗುಂಡರ್ಟರು ಬಹಳ ಕಾಲ ಇದ್ದದ್ದು ತಲಶ್ಶೇರಿಯಲ್ಲಿ. ಅದೇ ತಲಶ್ಶೇರಿಯ ಞಾಟ್ಯೇಲ ಶ್ರೀಧರನ್ ಎಂಬವರು ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿ ಜೀವಿಸಿದವರು. ಮುಂದೆ ಸುಮಾರು 25 ವರ್ಷ ದುಡಿದು ಮಲೆಯಾಳ, ಕನ್ನಡ, ತಮಿಳು, ತೆಲುಗು ನಾಲ್ಕೂ ಭಾಷೆಗಳ ಒಂದು ನಿಘಂಟು ಮಾಡಿದರು. ಅದು 2020ರಲ್ಲಿ ಪ್ರಕಟವಾಯಿತು. ಪದಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸಕ್ಕೆ ದೊಡ್ಡ ಡಿಗ್ರಿ ಬೇಡ, ತಾಳ್ಮೆ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಶಾಲೆಯಲ್ಲಿ ನಾವು ಮಾಡಬಹುದಾದದ್ದು

ದಿನನಿತ್ಯದ ಮಾತಿನಲ್ಲಿ ನಾವು ಅಷ್ಟು ತೊಂದರೆ ಪಡುವುದಿಲ್ಲ. ಅಪ್ಲಿಕೇಶನ್, ಲೀವ್, ಮೀಟಿಂಗ್ ಎಂದು ಇಂಗ್ಲಿಷ್ ಪದ ಹಾಕಿ ದಾಟಿಕೊಳ್ಳುತ್ತೇವೆ. ಮುಖ ನೋಡಿ, ಕೈ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ತೊಂದರೆ ಬರುವುದು ಬರಹದಲ್ಲಿ. ಮಲೆಯಾಳದ ಸುತ್ತೋಲೆ, ನೋಟೀಸು, ಪ್ರಶ್ನೆಪತ್ರಿಕೆ ಕನ್ನಡಕ್ಕೆ ಬರುವಾಗ ಎಷ್ಟೋ ಸಲ ಲಿಪಿ ಮಾತ್ರ ಬದಲಾಗುತ್ತದೆ. "ಅಪೇಕ್ಷ" ಎಂಬುದು "ಅಪೇಕ್ಷೆ"ಯಾಗುತ್ತದೆ, "ಪರಿಸ್ಥಿತಿ ದಿನಂ" ಎಂಬುದು "ಪರಿಸ್ಥಿತಿ ದಿನ" ಆಗುತ್ತದೆ. ಅಕ್ಷರ ಕನ್ನಡದ್ದು, ಅರ್ಥ ಅಲ್ಲಿಯೇ ಉಳಿಯಿತು. ಪ್ರಶ್ನೆಪತ್ರಿಕೆಯಲ್ಲಿ "ಪರಿಸ್ಥಿತಿಯನ್ನು ಸಂರಕ್ಷಿಸುವುದು ಹೇಗೆ?" ಎಂದು ಬಂದರೆ ಕನ್ನಡ ಚೆನ್ನಾಗಿ ಬಲ್ಲ ಮಗುವಿಗೇ ಹೆಚ್ಚು ಗೊಂದಲ. ಯಾವ ಪರಿಸ್ಥಿತಿ ಎಂದು ಅದು ಯೋಚಿಸುತ್ತ ಕೂರುತ್ತದೆ. ಪರಿಸರದ ಬಗ್ಗೆ ಎರಡು ಪುಟ ಬರೆಯಬಲ್ಲ ಮಗುವಿಗೆ ಅಂಕ ಹೋಗುತ್ತದೆ. ತಪ್ಪು ಮಗುವಿನದ್ದಲ್ಲ.

ನಮ್ಮ ಮಕ್ಕಳೂ ಹೆತ್ತವರೂ ಮೇಲಿಂದ ಮೇಲೆ ಎದುರಿಸುವ ಕೆಲವು ಪದಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಅಪೇಕ್ಷ: ಮಲೆಯಾಳದಲ್ಲಿ ಅರ್ಜಿ. ಕನ್ನಡದಲ್ಲಿ ಬಯಕೆ.
ಅವಧಿ: ಮಲೆಯಾಳದಲ್ಲಿ ರಜೆ. ಕನ್ನಡದಲ್ಲಿ ಕಾಲದ ಮಿತಿ, ಪಾಠದ ಹೊತ್ತು. ಕಾಲಾವಧಿ ಎಂದರೆ ಮಾತ್ರ ಎರಡರಲ್ಲಿಯೂ ಒಂದೇ.
ಯೋಗಂ: ಮಲೆಯಾಳದಲ್ಲಿ ಸಭೆ. ಹೆತ್ತವರನ್ನು ಯೋಗಕ್ಕೆ ಕರೆದರೆ ಚಾಪೆ ತರಬೇಕಾಗಿಲ್ಲ!
ಪರಿಸ್ಥಿತಿ: ಮಲೆಯಾಳದಲ್ಲಿ ಪರಿಸರ. ಕನ್ನಡದಲ್ಲಿ ಸನ್ನಿವೇಶ.
ಪತ್ರಂ: ಮಲೆಯಾಳದಲ್ಲಿ ಸುದ್ದಿಪತ್ರಿಕೆ. ಕನ್ನಡದಲ್ಲಿ ಕಾಗದ, ಓಲೆ.
ಸಮರಂ: ಮಲೆಯಾಳದಲ್ಲಿ ಮುಷ್ಕರ, ಚಳವಳಿ. ಕನ್ನಡದಲ್ಲಿ ಯುದ್ಧ.
ಮೃಗಂ: ಮಲೆಯಾಳದಲ್ಲಿ ಯಾವ ಪ್ರಾಣಿಯೂ ಆದೀತು. ಕನ್ನಡದಲ್ಲಿ ಕಾಡುಪ್ರಾಣಿ. ಹಟ್ಟಿಯ ದನ ನಮಗೆ ಮೃಗವಲ್ಲ, ಆದರೂ ಅದರ ಚಿಕಿತ್ಸೆ "ಮೃಗಾಶುಪತ್ರಿ"ಯಲ್ಲಿಯೇ.
ಕ್ಷಾಮಬತ್ತ: ಬರಗಾಲದ ಭತ್ತವಲ್ಲ, ನೌಕರರ ತುಟ್ಟಿಭತ್ಯೆ.

ಪ್ರತಿ ಶಾಲೆಯಲ್ಲಿಯೂ ಇಂಥ ಒಂದು ಪಟ್ಟಿ ಬೆಳೆಯಬೇಕೆಂದು ನನ್ನ ಆಸೆ. ಒಂದು ನೋಟುಪುಸ್ತಕ ಸಾಕು. ಮಕ್ಕಳೇ ಪದ ತರಲಿ, ಎರಡು ಮನೆಮಾತಿನ ಮಕ್ಕಳು ಸೇರಿ ಅರ್ಥ ಬರೆಯಲಿ. ತರಗತಿಯಲ್ಲಿ ಇಂಥ ಪದ ಕೇಳಿದಾಗ ಮಕ್ಕಳು ಎರಡು ಗುಂಪಾಗಿ ಎರಡು ಅರ್ಥ ಹೇಳುವುದನ್ನು ನಾನು ಬಹಳ ಸಲ ನೋಡಿದ್ದೇನೆ. ಇಬ್ಬರೂ ಸರಿ ಎಂದು ತಿಳಿದಾಗ ಅವರ ಮುಖದಲ್ಲಿ ಬರುವ ಸಂತೋಷವೇ ಬೇರೆ. ಮಲೆಯಾಳ ಬಲ್ಲ ಮಗು ಕನ್ನಡ ತರಗತಿಗೆ ಹೊರೆ ಎಂದು ಕೆಲವರು ಭಾವಿಸುತ್ತಾರೆ. ಈ ಕೆಲಸದಲ್ಲಿ ಆ ಮಗುವೇ ನಮಗೆ ದೊಡ್ಡ ಸಹಾಯ.

ಹಿರಿಯರು ಮಾಡಬೇಕಾದದ್ದು ಇನ್ನೊಂದು. ಗೊತ್ತಿರುವ ಪದ ವಾಕ್ಯದಲ್ಲಿ ಸ್ವಲ್ಪ ಅಡ್ಡವಾಗಿ ಕಂಡರೆ ಸಂಶಯಪಡಬೇಕು, ಸಹಿ ಹಾಕುವ ಮೊದಲು ಕೇಳಬೇಕು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂಬ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದು 1956ರಲ್ಲಿಯೇ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಮತ್ತು ಅದರ ತಿದ್ದುಪಡಿಯ ಮೂಲಕ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶವಾಯಿತು. ನಾವು ಕನ್ನಡದಲ್ಲಿ ಕೇಳುವಾಗ ಕನ್ನಡದ ಲಿಪಿಯನ್ನಷ್ಟೇ ಕೇಳಬಾರದು, ಕನ್ನಡದ ಅರ್ಥವನ್ನೂ ಕೇಳಬೇಕು. ಹಾಗೆಯೇ ನಾವು ಬರೆಯುವ ಅರ್ಜಿಯಲ್ಲಿ ಎರಡು ಅರ್ಥ ಬರುವ ಪದವನ್ನು ಬಿಟ್ಟು, ನೆರೆಯ ಭಾಷೆಯವರಿಗೂ ತಪ್ಪಾಗದ ಪದವನ್ನು ಹುಡುಕಬೇಕು. ವ್ಯವಸಾಯದ ಬದಲು ಕೃಷಿ ಎಂದು ಬರೆದರೆ ಕನ್ನಡಕ್ಕೆ ಏನೂ ಕಡಿಮೆಯಾಗುವುದಿಲ್ಲ, ಮಾತು ಮಾತ್ರ ಮುಟ್ಟಬೇಕಾದಲ್ಲಿಗೆ ಮುಟ್ಟುತ್ತದೆ.

ನಿಮ್ಮ ಶಾಲೆಯ ನೋಟುಪುಸ್ತಕದಲ್ಲಿ ಮೊದಲ ಪದ ಯಾವುದಾಗಬೇಕು ಎಂದು ಮಕ್ಕಳನ್ನೇ ಕೇಳಿ ನೋಡಿ. "ಅವಧಿ" ಎಂದು ಹೇಳುವವರೇ ಹೆಚ್ಚು ಇರಬಹುದು. ಯಾವ ಅರ್ಥದಲ್ಲಿ ಹೇಳಿದರು ಎಂದು ಮಾತ್ರ ಮರೆಯದೆ ಕೇಳಿಕೊಳ್ಳಿ.